ಜಂಗಲ್ ಸೀನಿಗೆ ಹನ್ನೆರಡು ವೋಲ್ಟು

ಹುಬ್ಬಳ್ಳಿಯಿಂದ ಹೊರಟು ಕಲಘಟಗಿ ದಾಟಿ ಯಲ್ಲಾಪುರದ ದಾರಿ ಹಿಡಿದರೆ ನೆಲದ ಬಣ್ಣ ಬದಲಾಗುತ್ತದೆ. ಎರೆಮಣ್ಣು ಕಡಿಮೆಯಾಗಿ ಕೆಂಪು ಹೆಚ್ಚುತ್ತದೆ. ಹತ್ತಿ, ಕಡಲೆ ಹಿಂದೆ ಬಿದ್ದು ಭತ್ತ, ಗೋವಿನಜೋಳ ಕಾಣಿಸುತ್ತವೆ. ಗಾಳಿಯ ಸದ್ದಿಗೆ ಒಣಗಿದ ಸಾಗವಾನಿ ಎಲೆಯ ಸದ್ದು ಸೇರುತ್ತದೆ. ದೇವಿಕೊಪ್ಪ ಈ ಅರೆಮಲೆನಾಡಿನ ಸೆರಗಿನ ಊರು. ಸುಗ್ಗಿ ಮುಗಿದು ಮುಂಗಾರಿಗೆ ಇನ್ನೂ ಪುರುಸೊತ್ತು ಇರುವ ದಿನಗಳಲ್ಲಿ ಈ ಸೀಮೆಯ ಹಳ್ಳಿಗಳಿಗೆ ಜಾತ್ರೆಯ ಹುರುಪು. ಜಾತ್ರೆ ಎಂದಮೇಲೆ ರಾತ್ರಿ ನಾಟಕ ಇರಲೇಬೇಕು.

ಗುಡಿಯ ಮುಂದಿನ ಬಯಲಿನಲ್ಲಿ ರಂಗಸಜ್ಜಿಕೆ ಏಳುತ್ತಿದೆ. ಡ್ರಾಮಾ ಸೀನ್ಸಿನವರ ಟೆಂಪೊ ಮಧ್ಯಾಹ್ನವೇ ಬಂದು ಹಲಗೆ, ಬೊಂಬು, ತಗಡು, ಸುರುಳಿ ಸುತ್ತಿದ ಪಡದೆಗಳನ್ನು ಇಳಿಸಿ ಹೋಗಿದೆ. ರಸ್ತೆ ಸೀನು, ಮನಿ ಸೀನು, ದರ್ಬಾರ ಸೀನು, ಜಂಗಲ್ ಸೀನು. ಕೊನೆಯದನ್ನು ಇಬ್ಬರು ಹುಡುಗರು ಹಗ್ಗ ಜಗ್ಗಿ ಬಿಚ್ಚಿದಾಗ ಜಲಪಾತ, ಎರಡು ಜಿಂಕೆ, ಎಲ್ಲಿಂದಲೋ ಬಂದು ಸೇರಿದ ಒಂದು ಹಂಸ. ನಿಜವಾದ ಕಾಡು ಊರಾಚೆ ಕೂಗಳತೆಯಲ್ಲಿದೆ, ಅದರಲ್ಲಿ ಜಲಪಾತವೂ ಇಲ್ಲ, ಹಂಸವೂ ಇಲ್ಲ. ಆದರೂ ನಾಟಕಕ್ಕೆ ಪಡದೆಯ ಕಾಡೇ ಬೇಕು.

ಬಣ್ಣದ ಮನೆ ಎಂದರೆ ಗುಡಿಯ ಪಕ್ಕದ ಒಂದು ಕೋಣೆ. ಬಾಡಿಗೆಗೆ ಬಂದ ನಟಿಯರಿಬ್ಬರು ಅಲ್ಲಿ ಚಹಾ ಕುಡಿಯುತ್ತ ತಮ್ಮ ಮಾತುಗಳ ಮೇಲೆ ಕಣ್ಣಾಡಿಸುತ್ತಿದ್ದಾರೆ. ನಾಟಕಕ್ಕೆ ಎರಡು ಹೆಸರು, ನಡುವೆ ಒಂದು ‘ಅರ್ಥಾತ್’. ಅಣ್ಣ ಒಳ್ಳೆಯವ, ತಮ್ಮ ಮುಗ್ಧ, ಗೌಡ ಕೆಟ್ಟವ. ತಮ್ಮನನ್ನು ಕಾಡಿಗೆ ಕರೆದೊಯ್ದು ಮುಗಿಸುವುದು ಮೂರನೆಯ ಅಂಕದಲ್ಲಿ. ಕಥೆ ಊರಿಗೆಲ್ಲ ಗೊತ್ತು. ಗೊತ್ತಿದ್ದೇ ಬೆಳಗಿನವರೆಗೆ ಕೂರುತ್ತಾರೆ.

ಇಂಥ ರಂಗದ ಮೇಲೆ ರೂಢಿಯ ಬೆಳಕು ಎಂದರೆ ಮುಂದಿನ ಎರಡು ಬೊಂಬುಗಳಿಗೆ ಬಿಗಿದ ಸಾವಿರ ವ್ಯಾಟಿನ ಎರಡು ಹ್ಯಾಲೋಜನ್. ಊರಿನ ಬಾಯಲ್ಲಿ ಅದು ‘ಫೋಕಸ್’. ಈಗೀಗ ಹ್ಯಾಲೋಜನ್ ಹೋಗಿ ಎಲ್‌ಇಡಿ ಬಂದಿದೆ, ಬೆಳಕು ಬಿಳಿಚಿಕೊಂಡಿದೆ, ಉಳಿದದ್ದೆಲ್ಲ ಹಾಗೇ ಇದೆ. ಗುಂಡಿ ಒತ್ತಿದರೆ ಎಲ್ಲವೂ ಒಂದೇ ಸಲ ಕಾಣುತ್ತದೆ: ನಟ, ನಟನ ನೆರಳು, ಪಡದೆಯ ಮಡಿಕೆ, ಪಡದೆಗೆ ಹಾಕಿದ ತೇಪೆ, ಪಕ್ಕದಲ್ಲಿ ಕೂತು ಮಾತು ಹೇಳಿಕೊಡುವವನ ಮೊಳಕಾಲು. ಅರಮನೆಗೂ ಅದೇ ಬೆಳಕು, ಸ್ಮಶಾನಕ್ಕೂ ಅದೇ ಬೆಳಕು. ರಾತ್ರಿಯ ದೃಶ್ಯ ಎಂದು ತಿಳಿಯಬೇಕಾದರೆ ಪಾತ್ರವೇ “ಆಹಾ, ಎಂಥ ಕಗ್ಗತ್ತಲು!” ಎಂದು ಹೇಳಬೇಕು. ಸಾವಿರ ವ್ಯಾಟಿನ ಉರಿಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಅದನ್ನು ಹೇಳುವ ನಟನ ಕಷ್ಟ ನಾವು ನೋಡದ್ದೇನಲ್ಲ.

ಇವತ್ತಿನ ಲೈಟಿನವನು ಬೇರೆ ತರಹದವನು. ಬೈಕಿನ ಹಿಂದೆ ಎರಡು ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಬಂದಿದ್ದಾನೆ. ಹಗಲು ಅವನ ಕೆಲಸ ಮೋಟರ್ ವೈಂಡಿಂಗ್. ಸುಟ್ಟ ಪಂಪ್‌ಸೆಟ್ಟುಗಳ ತಂತಿ ಕಿತ್ತು ಹೊಸದಾಗಿ ಸುತ್ತುವುದು. ಪೆಟ್ಟಿಗೆಯೊಳಗಿನಿಂದ ಅವನು ತೆಗೆಯುತ್ತಿರುವ ದೀಪಗಳನ್ನು ನೋಡಿ ಕಮಿಟಿಯ ಹಿರಿಯರೊಬ್ಬರು ಹಲ್ಲು ಕಚ್ಚಿದರು.

“ಏನೋ ತಮ್ಮಾ, ಇವೇನು ದೀಪಾನೋ, ಹುಡುಗೂರ ಆಟಗಿ ಸಾಮಾನೋ? ಅಷ್ಟು ರೊಕ್ಕಾ ಇಸ್ಕೊಂಡು ಇಷ್ಟಿಷ್ಟ ತಂದೀಯಲ್ಲ!”

“ಕಾಕಾ, ಹೊತ್ತು ಮುಳುಗಲಿ. ಆಮ್ಯಾಲ ಬಯ್ಯೋರಂತ್ರಿ.”

ಕಾಕಾ ಅಂದದ್ದರಲ್ಲಿ ತಪ್ಪಿಲ್ಲ. ದೀಪದ ಮುಖ ಬರೀ ಎರಡು ಇಂಚು. ಅಂಗಡಿಯಲ್ಲಿ ಇದನ್ನು ಎಂಆರ್ 16 ಎನ್ನುತ್ತಾರೆ. 16 ಎಂದರೆ ಇಂಚಿನ ಎಂಟನೇ ಒಂದರ 16 ಪಾಲು, ಅಲ್ಲಿಗೆ ಎರಡು ಇಂಚಾಯಿತು. ಮೊದಲು ಸ್ಲೈಡ್ ಪ್ರೊಜೆಕ್ಟರ್‌ಗಳ ಹೊಟ್ಟೆಗೆಂದು ಹುಟ್ಟಿ, ಆಮೇಲೆ ಬಂಗಾರದಂಗಡಿಯ ಶೋಕೇಸು ಸೇರಿ, ಅಲ್ಲಿಂದ ರಂಗಕ್ಕೆ ಬಂದ ದೀಪ ಇದು. 12 ವೋಲ್ಟು, 50 ವ್ಯಾಟು. ನಡುವೆ ಕಡಲೆಗಿಂತ ಚಿಕ್ಕ ಹ್ಯಾಲೋಜನ್ ಬುರುಡೆ, ಅದರ ಸುತ್ತ ಮುಖಮುಖವಾಗಿ ಕತ್ತರಿಸಿದ ಗಾಜಿನ ಬಟ್ಟಲು.

ಇಷ್ಟು ಚಿಕ್ಕದು ರಂಗಕ್ಕೆ ಹೇಗೆ ಸಾಕಾಗುತ್ತದೆ? ಗುಟ್ಟು ಒಳಗಿನ ತಂತಿಯಲ್ಲಿದೆ. 230 ವೋಲ್ಟಿಗೆ ಉರಿಯುವ 50 ವ್ಯಾಟಿನ ಬಲ್ಬಿನಲ್ಲಿ ತಂತಿ ತೆಳ್ಳಗೆ, ಉದ್ದಕ್ಕೆ ಇರಬೇಕು. ಅದು ಬುರುಡೆಯ ತುಂಬ ಹರಡಿಕೊಂಡಿರುತ್ತದೆ. 12 ವೋಲ್ಟಿನದರಲ್ಲಿ ತಂತಿ ದಪ್ಪ, ಗಿಡ್ಡ. ಬೆಳಕೆಲ್ಲ ಹೆಚ್ಚುಕಡಿಮೆ ಒಂದು ಚುಕ್ಕೆಯಿಂದ ಹೊರಡುತ್ತದೆ. ಚುಕ್ಕೆಯಿಂದ ಹೊರಟ ಬೆಳಕನ್ನು ಕನ್ನಡಿ ಹೇಳಿದಂತೆ ಕೇಳಿಸಬಲ್ಲದು. 10 ಡಿಗ್ರಿಯ ದೀಪ ತಂದರೆ ಹದಿನೈದು ಅಡಿ ದೂರದಿಂದ ಒಬ್ಬನ ಮುಖ ಎದೆಯಷ್ಟೇ ಬೆಳಗುತ್ತದೆ, 36 ಡಿಗ್ರಿಯದು ತಂದರೆ ಇಬ್ಬರು ಕೂತು ಮಾತಾಡುವ ಹೊರಸು ಬೆಳಗುತ್ತದೆ. ಸುತ್ತಲಿನ ಕತ್ತಲು ಕತ್ತಲಾಗಿಯೇ ಉಳಿಯುತ್ತದೆ. ರಂಗಕ್ಕೆ ಬೇಕಾದದ್ದು ಈ ಕತ್ತಲು. ಸಾವಿರ ವ್ಯಾಟಿನ ಫೋಕಸಿಗೆ ಅದನ್ನು ಕೊಡಲು ಬರುವುದಿಲ್ಲ.

ದೀಪಕ್ಕೊಂದು ಟ್ರಾನ್ಸ್‌ಫಾರ್ಮರ್. ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಟಿಸಿ ಎಂದರೆ ಎಲ್ಲರಿಗೂ ಗೊತ್ತು. ಹೊಲದಂಚಿನ ಕಂಬದ ಮೇಲೆ ಕೂತು, 11,000 ವೋಲ್ಟನ್ನು ಮನೆಗೂ ಪಂಪ್‌ಸೆಟ್ಟಿಗೂ ಆಗುವಷ್ಟಕ್ಕೆ ಇಳಿಸಿ, ಬೇಸಗೆಯಲ್ಲಿ ಸುಟ್ಟು ರೈತರನ್ನು ಹೆಸ್ಕಾಂ ಕಚೇರಿಗೆ ಓಡಾಡಿಸುವ ಟಿಸಿ. ಲೈಟಿನವನ ಪೆಟ್ಟಿಗೆಯಲ್ಲಿರುವವು ಆ ಟಿಸಿಯ ಮೊಮ್ಮಕ್ಕಳು. ತೂಕ ಒಂದು ಕಿಲೋ ಆಸುಪಾಸು, ಕೆಲಸ ಅದೇ. ಕಬ್ಬಿಣದ ತಗಡುಗಳ ಕಟ್ಟಿಗೆ ಒಂದು ಕಡೆ ತೆಳ್ಳನೆ ತಂತಿ ಸಾವಿರ ಸುತ್ತು ಇದ್ದರೆ ಇನ್ನೊಂದು ಕಡೆ ದಪ್ಪ ತಂತಿ ಐವತ್ತೆರಡು ಸುತ್ತು, ಹೊರೆ ಬಿದ್ದಾಗ ಸೋರಿ ಹೋಗುವುದನ್ನು ತುಂಬಲೆಂದು ಮೇಲೆ ಎರಡು ಮೂರು. 230 ಕೊಟ್ಟರೆ 12 ಬರುತ್ತದೆ. ಇವನು ತಾನೇ ಸುತ್ತಿದ್ದಾನೆ. ಸುತ್ತುವಾಗ ಒಂದು ಜಾಣತನವನ್ನೂ ಮಾಡಿದ್ದಾನೆ: ಸಾವಿರ ಸುತ್ತಿನ ದೊಡ್ಡ ಕಡೆಯಿಂದ 180, 200, 230 ಎಂದು ಮೂರು ಬಾಲ ಹೊರಗೆ ಬಿಟ್ಟಿದ್ದಾನೆ.

ಈ ಮೂರು ಬಾಲ ಯಾಕೆ ಎಂಬುದು ಹಳ್ಳಿಯಲ್ಲಿ ಸಂಜೆ ಏಳರ ಬಲ್ಬು ನೋಡಿದವರಿಗೆ ಹೇಳಬೇಕಿಲ್ಲ. ಲೈನಿನ ಕೊನೆಯ ಊರಿಗೆ 230 ಎಂಬುದು ಹಲವು ಸಂಜೆ ಪುಸ್ತಕದ ಮಾತು. 180ಕ್ಕೆ ಇಳಿಯಿತು ಎನ್ನಿ, 12 ವೋಲ್ಟಿನ ದೀಪಕ್ಕೆ ಸಿಗುವುದು ಒಂಬತ್ತೂವರೆಗಿಂತ ಕಡಿಮೆ. ಬೆಳಕು ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. ತಂತಿಯ ದೀಪದ ಸ್ವಭಾವವೇ ಹಾಗೆ. ವೋಲ್ಟೇಜು ತುಸು ಜಾರಿದರೆ ಬೆಳಕು ಬಹಳ ಜಾರುತ್ತದೆ. ಇವನು ಮೀಟರ್ ಹಿಡಿದು ನೋಡಿ ತಕ್ಕ ಬಾಲಕ್ಕೆ ಕಟ್ಟುತ್ತಾನೆ. ನಡುರಾತ್ರಿ ಊರು ಮಲಗಿ ವೋಲ್ಟೇಜು ಏರಿದಾಗ ಮರೆಯದೆ 230ಕ್ಕೆ ಬದಲಿಸಬೇಕು, ಇಲ್ಲವಾದರೆ ದೀಪ ಬಹಳ ಚೆನ್ನಾಗಿ ಉರಿದು ಬಹಳ ಬೇಗ ಸಾಯುತ್ತದೆ.

ಟ್ರಾನ್ಸ್‌ಫಾರ್ಮರ್‌ಗಳನ್ನೆಲ್ಲ ಕೆಳಗೆ ಒಂದೇ ಪೆಟ್ಟಿಗೆಯಲ್ಲಿಟ್ಟು ದೀಪಕ್ಕೆ ಬರೀ ವಾಯರ್ ಎಳೆದರೆ ಆಗದೇ ಎಂದು ನೋಡುವವರಿಗೆ ಅನ್ನಿಸುತ್ತದೆ. ರಂಗಸಜ್ಜಿಕೆಯ ಹುಡುಗನೂ ಅದನ್ನೇ ಕೇಳಿದ. ಲೈಟಿನವನು ಬೊಂಬಿನ ತುದಿಗೆ, ದೀಪದಿಂದ ಒಂದು ಗೇಣಿನಲ್ಲಿ, ಪ್ರತಿಯೊಂದು ಟ್ರಾನ್ಸ್‌ಫಾರ್ಮರನ್ನೂ ತಂತಿಯಿಂದ ಬಿಗಿಯುತ್ತಿದ್ದ. ಉತ್ತರ ಹೇಳಲಿಲ್ಲ, ಬಾಯಲ್ಲಿ ಇನ್ಸುಲೇಷನ್ ಟೇಪು ಇತ್ತು.

ಉತ್ತರವನ್ನು ಲೆಕ್ಕ ಹೇಳುತ್ತದೆ. 50 ವ್ಯಾಟು 230 ವೋಲ್ಟಿನಲ್ಲಿ ಹೋಗುವಾಗ ಕರೆಂಟು ಕಾಲು ಆಂಪಿಯರೂ ಇಲ್ಲ. ಅದೇ 50 ವ್ಯಾಟು 12 ವೋಲ್ಟಿನಲ್ಲಿ ಹೋಗಬೇಕಾದರೆ ನಾಲ್ಕು ಆಂಪಿಯರು ದಾಟುತ್ತದೆ. ಅಂಗಡಿಯವರು 1 ಎಂಎಂ ಎನ್ನುವ ತಾಮ್ರದ ವಾಯರನ್ನು ಹತ್ತು ಮೀಟರ್ ಎಳೆದಿರಿ ಎನ್ನಿ. ಹೋಗುವ ದಾರಿ ಬರುವ ದಾರಿ ಸೇರಿ ಇಪ್ಪತ್ತು ಮೀಟರ್, ಅದರ ತಡೆ 0.34 ಓಮ್. ನಾಲ್ಕು ಆಂಪಿಯರು ಅದರಲ್ಲಿ ಹರಿದರೆ ದಾರಿಯಲ್ಲೇ 1.4 ವೋಲ್ಟು ತಿಂದು ಹೋಗುತ್ತದೆ. 230ರಲ್ಲಿ ಇದು ಲೆಕ್ಕಕ್ಕಿಲ್ಲ. 12ರಲ್ಲಿ ನೂರಕ್ಕೆ ಹನ್ನೆರಡು ಪಾಲು. ಬೆಳಕಿನ ಮಟ್ಟಿಗೆ ಹೇಳುವುದಾದರೆ ಮೂರರಲ್ಲಿ ಒಂದು ಪಾಲು ಗಾಳಿಗೆ ಹೋಯಿತು. ಅದಕ್ಕೇ ಉದ್ದದ ದಾರಿ 230ಕ್ಕೆ, ಗೇಣಿನ ದಾರಿ 12ಕ್ಕೆ. ವಾಯರಿನ ಕೂಡಿಕೆ ಸಡಿಲಿದ್ದರಂತೂ ಬೆಳಕು ಹೋಗುವುದಷ್ಟೇ ಅಲ್ಲ, ಕೂಡಿಕೆ ಕಾದು ಟೇಪು ಕರಗುತ್ತದೆ. ಹನ್ನೆರಡು ವೋಲ್ಟು ಮುಟ್ಟಿದರೆ ಹೊಡೆಯುವುದಿಲ್ಲ ಎಂಬ ಧೈರ್ಯದಲ್ಲಿ ಜನ ಇದನ್ನು ಮರೆಯುತ್ತಾರೆ. ಹೊಡೆಯುವುದಿಲ್ಲ, ಸುಡುತ್ತದೆ.

ಸುಡುವುದರಲ್ಲಿ ಇನ್ನೊಂದು ವಿಚಿತ್ರವಿದೆ. ಈ ದೀಪದ ಗಾಜಿನ ಬಟ್ಟಲು ಬೆಳಕನ್ನು ಮುಂದೆ ದೂಡಿ ಶಾಖದ ಬಹುಪಾಲನ್ನು ಹಿಂದಕ್ಕೆ ಬಿಡುತ್ತದೆ. ಮುಂದೆ ನಿಂತ ನಟಿಗೆ ಬಣ್ಣ ಕರಗುವಷ್ಟು ಸೆಕೆ ಆಗುವುದಿಲ್ಲ. ಹಿಂದೆ ಇಳಿಬಿದ್ದ ಜಾಲರಿ ಬಟ್ಟೆಗೆ ಆಪತ್ತು. ಮುಂದೆ ಕೈ ಹಿಡಿದು ನೋಡಿ “ಏನೂ ಕಾದಿಲ್ಲ ಬಿಡ್ರಿ” ಎನ್ನುವವರನ್ನು ನಂಬಬಾರದು. ಇವನು ಹಿಂದಿನಿಂದ ತಗಡಿನ ಡಬ್ಬಿ ಕಟ್ಟಿ, ತೂತು ಹೊಡೆದು, ಜಾಲರಿಯನ್ನು ಎರಡು ಮೊಳ ಆಚೆ ಸರಿಸಿದ. ಟ್ರಾನ್ಸ್‌ಫಾರ್ಮರಿನ ಕಬ್ಬಿಣಕ್ಕೂ ಡಬ್ಬಿಗೂ ಅರ್ಥಿಂಗ್ ವಾಯರ್ ಎಳೆದ. ಡ್ರಾಮಾ ಸೀನ್ಸಿನವರಿಗೆ ಇದು ಅತಿ ಅನ್ನಿಸಿತು.

ಹೊತ್ತು ಮುಳುಗುವ ಹೊತ್ತಿಗೆ ಹಾರ್ಮೋನಿಯಂ ಮಾಸ್ತರು ಬಂದರು. ಕಂಪನಿ ನಾಟಕಗಳ ಕಾಲ ಕಂಡವರು, ವಯಸ್ಸು ಎಪ್ಪತ್ತು ದಾಟಿದೆ. ಗರೂಡ ಸದಾಶಿವರಾಯರು, ಏಣಗಿ ಬಾಳಪ್ಪನವರು ಎಂದರೆ ಕಿವಿ ಮುಟ್ಟಿಕೊಳ್ಳುತ್ತಾರೆ. ಲೈಟಿನವನ ಮುಂದಿನ ಹಲಗೆ ನೋಡಿ ಅವರ ಮುಖ ಅರಳಿತು. ಹಲಗೆಯ ಮೇಲೆ ಆರು ಗುಬುಟು, ಆರು ಡಿಮ್ಮರು.

“ನಮ್ಮ ಕಾಲದಾಗ ಡಿಮ್ಮರ್ ಅಂದ್ರ ಉಪ್ಪುನೀರ ನೋಡೋ ತಮ್ಮಾ. ಭರಣಿ ತುಂಬ ನೀರ, ಹಿಡಿ ಉಪ್ಪ. ತಳದಾಗ ಒಂದು ತಗಡ, ಮ್ಯಾಲ ಹಗ್ಗಕ್ಕ ಕಟ್ಟಿದ್ದು ಒಂದು ತಗಡ. ಹಗ್ಗಾ ಬಿಟ್ರ ಬೆಳಕ ಏರ್ತಿತ್ತು, ಎಳದ್ರ ಇಳೀತಿತ್ತು. ದೊಡ್ಡ ಸೀನ್ ಇದ್ರ ನೀರ ಕುದ್ದು ಹೊಗಿ ಬರ್ತಿತ್ತು!”

ಮಾಸ್ತರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ. ವಿದ್ಯುತ್ತು ರಂಗಕ್ಕೆ ಬಂದ ಹೊಸತರಲ್ಲಿ ಯುರೋಪಿನಲ್ಲೂ ಉಪ್ಪುನೀರಿನ ಭರಣಿಗಳಿದ್ದವು. ನಮ್ಮ ಹವ್ಯಾಸಿ ತಂಡಗಳು ಅವನ್ನು ಬಹಳ ಕಾಲ ಬಿಡಲಿಲ್ಲ, ಯಾಕೆಂದರೆ ಖರ್ಚು ಹಿಡಿ ಉಪ್ಪಿನದು. ಆ ನೀರಿಗೆ 230 ವೋಲ್ಟಿನ ಜೀವ ಇರುತ್ತಿತ್ತು ಎಂಬುದನ್ನು ಯೋಚಿಸಿದರೆ ಇಷ್ಟು ಜನ ಬದುಕಿ ಉಳಿದದ್ದು ದೇವರ ದಯೆ. ಇವತ್ತು ಯಾರೂ ಅದನ್ನು ಮಾಡಿ ನೋಡಬಾರದು. ಉಪ್ಪುನೀರಿನ ನಂತರ ಸುರುಳಿ ತಂತಿಯ ಮೇಲೆ ಬ್ರಶ್ ಜಾರಿಸುವ ಡಿಮ್ಮರ್‌ಸ್ಟಾಟ್ ಬಂತು. ಭಾರ, ದುಬಾರಿ, ಆದರೆ ಇಷ್ಟು ಸಾಧುವಾದ ಯಂತ್ರ ಇನ್ನೊಂದಿಲ್ಲ. ಈಗ ಇರುವುದು ಅಂಗೈಯೊಳಗೆ ಹಿಡಿಯುವ ಟ್ರಯಾಕ್ ಡಿಮ್ಮರು. ಕರೆಂಟು ನಮ್ಮಲ್ಲಿ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ, ಅಂದರೆ ನೂರು ಅರ್ಧ ಅಲೆ. ಟ್ರಯಾಕು ಪ್ರತಿ ಅರ್ಧ ಅಲೆಯ ಮೊದಲ ಭಾಗವನ್ನು ತಡೆದು ಉಳಿದದ್ದನ್ನು ಬಿಡುತ್ತದೆ. ಹೆಚ್ಚು ತಡೆದರೆ ಮಬ್ಬು, ಕಡಿಮೆ ತಡೆದರೆ ಬೆಳಕು.

ಡಿಮ್ಮರು ಕೂರುವುದು ದೊಡ್ಡ ಕಡೆ, ಟ್ರಾನ್ಸ್‌ಫಾರ್ಮರಿಗಿಂತ ಮೊದಲು. ಇಲ್ಲಿ ಎಡವುವವರು ಬಹಳ. ಫಾಲ್ಸ್ ಸೀಲಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಹಗುರ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ತಂದು ಡಿಮ್ಮರಿಗೆ ಕಟ್ಟಿದರೆ ದೀಪ ಪಟಪಟ ಕಣ್ಣು ಹೊಡೆಯುತ್ತದೆ. ಫ್ಯಾನಿನ ಸ್ಟೆಪ್ ರೆಗ್ಯುಲೇಟರು ತಂದರೂ ಆಗದು, ಅದರೊಳಗೆ ಕೆಪಾಸಿಟರು. ಕಬ್ಬಿಣದ ಟ್ರಾನ್ಸ್‌ಫಾರ್ಮರೇ ಸರಿ, ಆದರೆ ಅದೂ ಮೊಂಡು. ಸಣ್ಣ ಹೊರೆಯಲ್ಲಿ ಟ್ರಯಾಕು ಹಿಡಿತ ತಪ್ಪಿ, ಒಂದು ಕಡೆಯ ಅಲೆಯನ್ನು ಮಾತ್ರ ಬಿಡತೊಡಗಿದರೆ ಕಬ್ಬಿಣ ಗುಂಯ್‌ಗುಡುತ್ತ ಕಾಯುತ್ತದೆ, ಫ್ಯೂಸು ಹಾರುತ್ತದೆ. ಇದಕ್ಕೆ ಮದ್ದು ಸರಳ: ಡಿಮ್ಮರಿನಿಂದ ಹೊರಟ ವಾಯರಿಗೆ, ಟ್ರಾನ್ಸ್‌ಫಾರ್ಮರಿನ ಜೊತೆಗೇ, ಒಂದು ಹಳೆಯ 60 ವ್ಯಾಟಿನ ಬಲ್ಬು. ಆ ಬಲ್ಬಿನ ಹೊರೆ ಟ್ರಯಾಕನ್ನು ನೆಟ್ಟಗೆ ನಿಲ್ಲಿಸುತ್ತದೆ. ‘ಡಮ್ಮಿ ಲೋಡ್’ ಎನ್ನುತ್ತಾರೆ.

ಡಮ್ಮಿಯನ್ನು ಎಲ್ಲಿ ಅಡಗಿಸುವುದು? ರಂಗದ ಮೇಲೆ ಇಟ್ಟರೆ ಕಾಣುತ್ತದೆ. ಲೈಟಿನವನು ಒಂದು ಡಮ್ಮಿಯನ್ನು ಬಣ್ಣದ ಮನೆಯ ಕನ್ನಡಿಯ ಮೇಲೆ ನೇತುಹಾಕಿದ. ಈ ಇಡೀ ರಾತ್ರಿಯಲ್ಲಿ ನನಗೆ ಬಹಳ ಹಿಡಿಸಿದ ಉಪಾಯ ಇದೇ. ರಂಗದ ನಡುದೀಪ ಏರಿದರೆ ಕನ್ನಡಿಯ ಮೇಲಿನ ಬಲ್ಬೂ ಏರುತ್ತದೆ, ಅದು ಇಳಿದರೆ ಇದೂ ಇಳಿಯುತ್ತದೆ. ಮೀಸೆ ಅಂಟಿಸಿಕೊಳ್ಳುತ್ತಿದ್ದ ಗೌಡನ ಪಾತ್ರದವನಿಗೆ ಹೊರಗೆ ಇಣುಕದೆಯೇ ಗೊತ್ತು: “ಬಲ್ಬ್ ಕೆಂಪಾತು ಅಂದ್ರ ತಾಯಿ ಸತ್ಳು. ಮುಂದಿನ ಸೀನ್ ನಂದು.”

ಹತ್ತೂವರೆಗೆ ನಾಂದಿ. ಪೂಜೆ, ತೆಂಗಿನಕಾಯಿ, ಕಾಣಿಕೆ ಕೊಟ್ಟವರ ಹೆಸರು, ಸನ್ಮಾನ, ಶಾಲು, ಹಾರ. ಸನ್ಮಾನದ ಹೊತ್ತಿಗೆ ಕಾಕಾ ಹೇಳಿ ಮುಂದಿನ ಫೋಕಸ್ ಎರಡನ್ನೂ ಹಚ್ಚಿಸಿದರು, ಫೋಟೊ ಬರಬೇಕಲ್ಲ. ಅದು ಆರಿದ ಮೇಲೆ ಒಂದು ಗಳಿಗೆ ಏನೂ ಇಲ್ಲ. ಮಂದಿ “ಏ ಲೈಟೂ!” ಎಂದು ಕೂಗುವುದಕ್ಕೆ ಬಾಯಿ ತೆರೆದಿದ್ದರು. ಆಗ ಎಡಗಡೆಯ ಬೊಂಬಿನಿಂದ ಒಂದೇ ದೀಪ ಏರಿತು, ಒಲೆಯ ಮುಂದೆ ಕೂತ ತಾಯಿಯ ಮುಖದ ಮೇಲೆ.

ತಂತಿಯ ದೀಪ ಏರುವ ರೀತಿಯನ್ನು ಎಲ್‌ಇಡಿ ಇನ್ನೂ ಕಲಿತಿಲ್ಲ. ಮೊದಲು ಕೆಂಡದ ಬಣ್ಣ, ಆಮೇಲೆ ಅರಿಶಿಣ, ಕೊನೆಗೆ ಬೆಳ್ಳಗೆ. ಇಳಿಯುವಾಗ ಅದೇ ಬಣ್ಣಗಳು ಹಿಂದುಮುಂದಾಗಿ. ಸಣ್ಣ ವೋಲ್ಟಿನ ದೀಪದಲ್ಲಿ ತಂತಿ ದಪ್ಪ ಇರುವುದರಿಂದ ಕಾಯುವುದೂ ನಿಧಾನ, ಆರುವುದೂ ನಿಧಾನ. ಗುಬುಟನ್ನು ಗಕ್ಕನೆ ತಿರುಗಿಸಿದರೂ ಬೆಳಕು ಗಕ್ಕನೆ ಹೋಗುವುದಿಲ್ಲ. ಒಲೆಯ ದೃಶ್ಯಕ್ಕೆ ಬಣ್ಣದ ಕಾಗದವೇ ಬೇಕಾಗಲಿಲ್ಲ. ಡಿಮ್ಮರನ್ನು ಅರ್ಧಕ್ಕೆ ನಿಲ್ಲಿಸಿದರೆ ಸಾಕಾಯಿತು. ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ “ಯವ್ವಾ, ಪಾಪ” ಎಂದಳು. ತಾಯಿ ಇನ್ನೂ ಒಂದು ಮಾತೂ ಆಡಿರಲಿಲ್ಲ.

ಎರಡನೆಯ ಅಂಕದಲ್ಲಿ ಹಾಡು. ಮಾಸ್ತರು ಶ್ರುತಿ ಹಿಡಿದು ನಿಲ್ಲಿಸಿದರು, ತಲೆ ಓರೆ ಮಾಡಿ ಕೇಳಿದರು, ಮತ್ತೆ ನಿಲ್ಲಿಸಿದರು.

“ತಮ್ಮಾ, ನಿನ್ನ ಡಬ್ಬಿ ಹಾಡಾಕ ಹತ್ತೇತಿ. ಬಿಳಿ ಐದೂ ಅಲ್ಲ, ಕರಿ ನಾಕೂ ಅಲ್ಲ, ನಡುವ ಎಲ್ಯೋ ಐತಿ. ಒಂದೋ ಶ್ರುತಿಗೆ ತಾ, ಇಲ್ಲಾ ಬಾಯಿ ಮುಚ್ಚಸು.”

ಮಾಸ್ತರ ಕಿವಿಗೆ ನೂರು ಅಂಕ. ಟ್ರಾನ್ಸ್‌ಫಾರ್ಮರಿನ ಕಬ್ಬಿಣ ನಡುಗುವುದು ಸೆಕೆಂಡಿಗೆ ನೂರು ಸಲ. ಹಾರ್ಮೋನಿಯಮ್ಮಿನ ಮಂದ್ರದ ಬಿಳಿ ಐದು 98ರಲ್ಲಿದೆ, ಕರಿ ನಾಲ್ಕು 104ರ ಹತ್ತಿರ. ನೂರು ಎರಡರ ನಡುವೆ ಬೀಳುತ್ತದೆ. ಅದರ ಮೇಲೆ ಡಿಮ್ಮರು ಅಲೆಯನ್ನು ಕತ್ತರಿಸುವ ಕಿರಿಕಿರಿ ಮೈಕಿನ ವಾಯರಿಗೆ ಹತ್ತಿ ಲೌಡ್‌ಸ್ಪೀಕರಿನಲ್ಲಿ ಬರುತ್ತದೆ. ಲೈಟಿನವನು ಟ್ರಾನ್ಸ್‌ಫಾರ್ಮರ್‌ಗಳ ಕೆಳಗೆ ಹಳೆಯ ಟ್ಯೂಬಿನ ರಬ್ಬರು ತುರುಕಿದ, ಮೈಕಿನ ವಾಯರನ್ನು ಡಿಮ್ಮರಿನ ವಾಯರಿನ ಪಕ್ಕದಿಂದ ಕಿತ್ತು ರಂಗದ ಆ ಬದಿಯಿಂದ ಒಯ್ದ. ಎರಡೂ ಅಡ್ಡ ಹಾಯಬೇಕಾದಲ್ಲಿ ಕತ್ತರಿಯಾಗಿ ಹಾಯಿಸಿದ, ಜೊತೆಜೊತೆಗೆ ಮಲಗಿಸಲಿಲ್ಲ. ಗುಂಯ್ ಪೂರ್ತಿ ಹೋಗಲಿಲ್ಲ, ಮಾಸ್ತರು ಒಪ್ಪುವಷ್ಟು ಇಳಿಯಿತು. ಈ ಎಲ್ಲದಕ್ಕೂ ಹಿಡಿದ ಹೊತ್ತನ್ನು ಹಾಸ್ಯದ ಪಾತ್ರದವನು ತುಂಬಿಕೊಟ್ಟ. ಉತ್ತರ ಕರ್ನಾಟಕದ ರಂಗದ ಮೇಲೆ ಹಾಸ್ಯದವನು ನಾಟಕಕ್ಕಿಂತ ಹೆಚ್ಚಾಗಿ ಇಂಥ ಗಂಡಾಂತರಗಳಿಗೇ ಇರುವುದು.

ಮೂರನೆಯ ಅಂಕ, ಜಂಗಲ್ ಸೀನು. ಜಲಪಾತ, ಜಿಂಕೆ, ಹಂಸ ಯಾವುದೂ ಕಾಣುವುದಿಲ್ಲ. ಪಡದೆಗೆ ಬೆಳಕೇ ಬಿಟ್ಟಿಲ್ಲ. ಮೇಲಿನಿಂದ, ನಟರ ಬೆನ್ನ ಹಿಂದಿನಿಂದ, ನೀಲಿ ಜಿಲೆಟಿನ್ ಕಟ್ಟಿದ ಎರಡು ದೀಪ ಭುಜದ ಅಂಚಷ್ಟನ್ನು ಎತ್ತಿ ತೋರಿಸುತ್ತಿವೆ. ಪಕ್ಕದಿಂದ ಒಂದು, ಹಲಗೆಯ ಮಟ್ಟದಲ್ಲಿ, ಕಾಲುಗಳಿಗೆ. ತಮ್ಮ ಮುಂದೆ ನಡೆಯುತ್ತಿದ್ದಾನೆ, ಗೌಡನ ಕಡೆಯವ ಹಿಂದೆ. ‘ಸಂಗ್ಯಾ ಬಾಳ್ಯಾ’ ನೋಡಿ ಬೆಳೆದ ಸೀಮೆ ಇದು. ನಂಬಿದ ಗೆಳೆಯನ ಜೊತೆ ಕೊಲೆಗೆ ನಡೆಯುವವನನ್ನು ನೋಡಿ ಇಲ್ಲಿನ ಜನಕ್ಕೆ ಅಭ್ಯಾಸವಿದೆ. ಆದರೂ ಹೆಂಗಸರ ಸಾಲಿನಲ್ಲಿ ಮಾತು ನಿಂತಿತು.

ಅಷ್ಟರಲ್ಲಿ ಕರೆಂಟು ಹೋಯಿತು.

ಊರಿಗೆ ಊರೇ ಕತ್ತಲು. ಸೀಟಿ, ಕೂಗು, ಮೊಬೈಲುಗಳ ಬೆಳಕು. “ಜನರೇಟರ್ ಎಲ್ಲೈತೋ?” ಎಂದು ಕಾಕಾ. ಜನರೇಟರು ಇದೆ, ಅದರಲ್ಲಿ ಡೀಸೆಲ್ ಇಲ್ಲ, ಡೀಸೆಲ್ಲಿಗೆ ಹೋದವನು ಮದುವೆಯ ಮನೆಯಲ್ಲಿದ್ದಾನೆ. ಲೈಟಿನವನು ಈ ಗಡಿಬಿಡಿಗೆ ಸೇರಲಿಲ್ಲ. ರಂಗದ ಮಗ್ಗುಲಲ್ಲಿ, ಮಂದಿ ಹತ್ತಿ ಕೂರಲೆಂದು ಯಾರೋ ನಿಲ್ಲಿಸಿದ್ದ ಟ್ರ್ಯಾಕ್ಟರಿನ ಕಡೆ ಓಡಿದ. ದಪ್ಪನೆಯ ವಾಯರು, ಎರಡು ಕ್ಲಿಪ್ಪು. ಬ್ಯಾಟರಿ 12 ವೋಲ್ಟು. ದೀಪ 12 ವೋಲ್ಟು. ನಡುವಿನ ಟ್ರಾನ್ಸ್‌ಫಾರ್ಮರನ್ನು ಬಿಡಿಸಿ ದೀಪದ ವಾಯರನ್ನು ನೇರ ಬ್ಯಾಟರಿಗೆ ಕಚ್ಚಿಸಿದರೆ ಮುಗಿಯಿತು. ಸೌಜನ್ಯಕ್ಕೆಂದು ಡ್ರೈವರು ಸೀಟು ಹತ್ತಿದ.

“ಅಣ್ಣಾ, ಚಾಲೂ ಮಾಡಬ್ಯಾಡ! ಕೈ ಮುಗೀತೇನಿ!”

ಕೈ ಮುಗಿಯುವುದಕ್ಕೆ ಕಾರಣವಿತ್ತು. ಎಂಜಿನು ತಿರುಗಿದರೆ ಬ್ಯಾಟರಿಯ ವೋಲ್ಟೇಜು 14ಕ್ಕೆ ಏರುತ್ತದೆ, ಅಷ್ಟು ಏರಿದರೆ ದೀಪದ ಆಯುಸ್ಸು ಹಲವು ಪಟ್ಟು ಕುಗ್ಗುತ್ತದೆ. ನಾಲ್ಕು ದೀಪ ಹಚ್ಚಿದರೆ ಹದಿನೇಳು ಆಂಪಿಯರಿನ ಹತ್ತಿರ. 88 ಆಂಪಿಯರ್-ಅವರಿನ ಬ್ಯಾಟರಿ ಕಾಗದದ ಲೆಕ್ಕಕ್ಕೆ ಐದು ತಾಸು ಬರಬೇಕು, ಮೂರಕ್ಕಿಂತ ಹೆಚ್ಚು ನೆಚ್ಚಬಾರದು. ಹಿಂಡಿದರೆ ಬೆಳಿಗ್ಗೆ ಟ್ರ್ಯಾಕ್ಟರನ್ನು ಊರೆಲ್ಲ ಸೇರಿ ದೂಡಬೇಕು.

ಒಂದು ತೊಡಕು ಉಳಿಯಿತು. ಬ್ಯಾಟರಿಯ ಕರೆಂಟಿಗೆ ಅಲೆ ಇಲ್ಲ, ಅಲೆ ಇಲ್ಲದಲ್ಲಿ ಟ್ರಯಾಕ್ ಡಿಮ್ಮರಿಗೆ ಕೆಲಸವಿಲ್ಲ. ಕೊಲೆಯ ಹೊತ್ತಿಗೆ ಬೆಳಕು ಇಳಿಯಬೇಕು, ಹೇಗೆ? ಲೈಟಿನವನು ಬೊಂಬು ಹತ್ತಿ, ಎಣ್ಣೆಯ ಖಾಲಿ ಡಬ್ಬಿಯೊಂದನ್ನು ದೀಪದ ಮುಂದೆ ಮೆಲ್ಲಗೆ ತಂದ. ಗ್ಯಾಸಬತ್ತಿಯ ಕಾಲದಲ್ಲಿ ಇದೇ ಮಾಡುತ್ತಿದ್ದೆವು ಎಂದು ಮಾಸ್ತರು ಆಮೇಲೆ ಹೇಳಿದರು. ಅದಕ್ಕೂ ಹಿಂದೆ, ಇಟಲಿಯ ನಿಕೊಲಾ ಸಬ್ಬತ್ತಿನಿ ಎಂಬವನು 1638ರಲ್ಲಿ ಅಚ್ಚಾದ ತನ್ನ ರಂಗಶಿಲ್ಪದ ಪುಸ್ತಕದಲ್ಲಿ ಮೇಣದ ಬತ್ತಿಗಳ ಮೇಲೆ ತಗಡಿನ ಕೊಳವೆ ಇಳಿಸಿ ರಂಗವನ್ನು ಕತ್ತಲಾಗಿಸುವ ಉಪಾಯವನ್ನು ಬರೆದಿಟ್ಟಿದ್ದಾನೆ. ಎಣ್ಣೆ ಡಬ್ಬಿ ಹಿಡಿದವನಿಗೆ ಆ ಇಟಲಿಯವನ ಹೆಸರು ಗೊತ್ತಿರಲಿಲ್ಲ, ಗೊತ್ತಿರಬೇಕಾದದ್ದೂ ಇರಲಿಲ್ಲ. ತಮ್ಮ ಸತ್ತ. ಮಂದಿ ಸೀಟಿ ಹೊಡೆಯಲಿಲ್ಲ. ಕರೆಂಟು ಬಂದಾಗ ಯಾರೋ ಅಭ್ಯಾಸಬಲದಿಂದ ಫೋಕಸ್ ಹಚ್ಚಿಬಿಟ್ಟರು, ಹೆಣ ಕಣ್ಣು ಕಿರಿದು ಮಾಡಿತು. “ಆರಸೋ!” ಎಂದು ಮೊದಲು ಕೂಗಿದವರು ಕಾಕಾ.

ದೊಡ್ಡ ರಂಗಗಳಲ್ಲಿ ಈ ಕಸುಬಿಗೆ ಮರ್ಯಾದೆ ಬಂದು ಬಹಳ ದಿನವಾಯಿತು. ಕೋಲ್ಕತ್ತದ ತಾಪಸ್ ಸೇನ್ 1959ರಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕಕ್ಕೆ ಬರೀ ಬೆಳಕಿನಿಂದ ಕಲ್ಲಿದ್ದಲ ಗಣಿಯೊಳಗೆ ನೀರು ಏರಿಸಿದರು. ಮಿನರ್ವಾ ಥಿಯೇಟರಿಗೆ ಜನ ಅದನ್ನು ನೋಡುವುದಕ್ಕೇ ಬಂದರು. ಕನ್ನಡದಲ್ಲಿ ವಿ. ರಾಮಮೂರ್ತಿಯವರ ಹೆಸರು ಬೆಳಕಿನ ಜೊತೆಗೇ ಬರುತ್ತದೆ. ನೀನಾಸಮ್ ತಿರುಗಾಟ 1985ರಲ್ಲಿ ಹೊರಟಂದಿನಿಂದ ಊರೂರಿಗೆ ತನ್ನ ದೀಪ, ಡಿಮ್ಮರುಗಳನ್ನು ಹೊತ್ತುಕೊಂಡೇ ಹೋಗುತ್ತದೆ. ಆ ತಂಡ ಬಂದುಹೋದ ಊರುಗಳಲ್ಲಿ ಒಬ್ಬಿಬ್ಬರು ಹುಡುಗರಾದರೂ ಗುಬುಟು ತಿರುಗಿಸುವವನ ಹಿಂದೆ ನಿಂತು ನೋಡಿರುತ್ತಾರೆ. ಜಾತ್ರೆಯ ನಾಟಕಕ್ಕೆ ಮಾತ್ರ ಈ ಕಸುಬು ಇನ್ನೂ ತಲುಪಿಲ್ಲ. ತಲುಪಿರುವುದು ಬಣ್ಣ ಬದಲಿಸುವ ಎಲ್‌ಇಡಿ ಪಾರ್ ಲೈಟು. ತಾಯಿ ಸಾಯುವಾಗ ಅದು ಹಸಿರಾಗುತ್ತದೆ, ನೇರಳೆಯಾಗುತ್ತದೆ, ಮತ್ತೆ ಹಸಿರಾಗುತ್ತದೆ. ಎಲ್‌ಇಡಿಯ ಮೇಲೆ ನನಗೆ ಹಟವಿಲ್ಲ. 12 ವೋಲ್ಟಿನ ಎಲ್‌ಇಡಿ ಏಳೆಂಟು ವ್ಯಾಟಿನಲ್ಲಿ ಹ್ಯಾಲೋಜನ್ನಿಗೆ ಹತ್ತಿರದ ಬೆಳಕು ಕೊಡುತ್ತದೆ, ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ ಬೆಳತನಕ ಬರುತ್ತದೆ, ಬ್ಯಾಟರಿಗೆ ಒಗ್ಗುವ ಡಿಮ್ಮರೂ ಅದಕ್ಕೆ ಸಿಗುತ್ತದೆ. ಹ್ಯಾಲೋಜನ್ ಸಿಗುವುದು ನಿಂತ ದಿನ ಅದೇ ಗತಿ. ಯಾವುದೇ ದೀಪವಿರಲಿ, ಸಣ್ಣದಿರಲಿ, ಹತ್ತಿರವಿರಲಿ, ಅದಕ್ಕೊಂದು ಗುಬುಟು ಇರಲಿ, ಗುಬುಟಿನ ಹಿಂದೆ ನಾಟಕ ಓದಿದ ಒಬ್ಬ ಮನುಷ್ಯನಿರಲಿ.

ಬೆಳಗಿನ ಐದಕ್ಕೆ ಮಂಗಳ. ಕಮಿಟಿಯವರು ಹಂಚಿದ ಕರಪತ್ರಗಳು ಬಯಲಿನ ತುಂಬ ಬಿದ್ದಿದ್ದವು. ಒಂದನ್ನು ಎತ್ತಿ ಓದಿದೆ. ಜ್ಯೋತಿ ಬೆಳಗಿಸುವವರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಪಾತ್ರವರ್ಗ, ಸ್ತ್ರೀ ಪಾತ್ರದಲ್ಲಿ, ಹಾರ್ಮೋನಿಯಂ, ತಬಲಾ, ಭವ್ಯ ರಂಗಸಜ್ಜಿಕೆ, ಧ್ವನಿವರ್ಧಕ. ಕಾಣಿಕೆಯಾಗಿ ಊದಿನಕಡ್ಡಿ ಕೊಟ್ಟವರ ಹೆಸರೂ ಇದೆ. ಬೆಳಕಿನವನ ಹೆಸರಿಲ್ಲ. ಮುಂದಿನ ಜಾತ್ರೆಗೆ ಕರಪತ್ರ ಮಾಡಿಸುವವರು ಧ್ವನಿವರ್ಧಕದ ಕೆಳಗೆ ‘ಬೆಳಕು’ ಎಂದು ಇನ್ನೊಂದು ಸಾಲು ಸೇರಿಸಲಿ. ಅಷ್ಟಕ್ಕೆ ಪ್ರೆಸ್ಸಿನವರು ಹೆಚ್ಚಿಗೆ ದುಡ್ಡು ಕೇಳುವುದಿಲ್ಲ.